ನನ್ನ ಎಮ್ಮೆಯ ತಲೆ ಶೇಂಗಾ ಪೊಟ್ಟಣದ ಹಾಗೆ ಆಗಿದೆ. ಎಲ್ಲಿ ತಪ್ಪಿದೆ?

ಡೊಂಬಿವಲಿಯ ಧಾರವಾಡದಾಕೆ
ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳ ಮಗನಿಗೆ ಒಂದು ವರ್ಷ ನಾಲ್ಕು ತಿಂಗಳು. ಅವರು ಇರುವುದು ಪುಣೆಯಲ್ಲಿ. ದೀಪಾವಳಿಗೆ ಎಲ್ಲರೂ ಅಳ್ನಾವರದ ಹತ್ತಿರ ನಮ್ಮ ಊರಿಗೆ ಹೋಗಿದ್ದೆವು. ಅಲ್ಲಿ ಅಣ್ಣನ ಮನೆಯ ಎಮ್ಮೆ ಇವನ ಕೈ ನೆಕ್ಕಿತು. ಮಗು ಅಳಲಿಲ್ಲ. ತನ್ನ ಕೈ ನೋಡಿಕೊಂಡ, ಎಮ್ಮೆಯ ಮುಖ ನೋಡಿದ, ಮತ್ತೆ ಕೈ ಚಾಚಿದ. ಅವತ್ತಿನಿಂದ ಅವನಿಗೆ ನಾಲ್ಕು ಕಾಲಿನದೆಲ್ಲಾ "ಎಂಬೆ". ನಾಯಿಯೂ ಎಂಬೆ, ಬೆಕ್ಕೂ ಎಂಬೆ, ಅವರ ಮನೆಯ ಟೀಪಾಯಿ ಸಹ ಎಂಬೆ.

ಒಂದು ಎಮ್ಮೆ ಬೊಂಬೆ ಕೊಡೋಣ ಅಂತ ಅಂಗಡಿ ಅಂಗಡಿ ಹುಡುಕಿದೆ. ಕರಡಿ ಇದೆ, ಮೊಲ ಇದೆ, ಹಣೆಗೊಂದೇ ಕೊಂಬಿರುವ ಗುಲಾಬಿ ಬಣ್ಣದ ಕುದುರೆಯೂ ಇದೆ. ಗೋರೆಗಾಂವ್‌ನ ಆರೇ ಕಡೆ ಹೋದರೆ ತಬೇಲಾ (ಹಾಲಿನವರ ಕೊಟ್ಟಿಗೆ) ತುಂಬಾ ಎಮ್ಮೆ. ಮುಂಬಯಿಯ ಎಷ್ಟೋ ಮನೆಗಳ ಚಹಾಕ್ಕೆ ಅದರದ್ದೇ ಹಾಲು. ಬೊಂಬೆ ಮಾಡುವವರ ಕಣ್ಣಿಗೆ ಮಾತ್ರ ಎಮ್ಮೆ ಬಿದ್ದೇ ಇಲ್ಲ. ಸರಿ, ನಾನೇ ಹೆಣೆಯುತ್ತೇನೆ ಅಂತ ಹೊರಟೆ.

ನನಗೆ ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ಅಷ್ಟಿಷ್ಟು ಬರುತ್ತದೆ. ಕಲಿಸಿದ್ದು ಎದುರು ಮನೆಯ ಕಾಕೂ. ಅವರಿಗೆ ಎಪ್ಪತ್ತಾರು. ಬಾಗಿಲ ತೋರಣ, ಟಿವಿಯ ಹೊದಿಕೆ, ಗಣಪತಿ ಕೂರಿಸುವ ಮಣೆಯ ಮೇಲಿನ ರುಮಾಲು, ಎಲ್ಲಾ ಅವರ ಕೈಯದ್ದೇ. ಅವರು ಹೇಳಿಕೊಡುವುದು ಮರಾಠಿಯಲ್ಲಿ. ಸಾಖಳಿ ಅಂದರೆ ಸರಪಳಿ. ಆಮೇಲೆ ಮುಕಾ ಖಾಂಬ್, ಅರ್ಧಾ ಖಾಂಬ್, ಖಾಂಬ್. ಮುಕಾ ಖಾಂಬ್ ಅಂದರೆ ಮೂಕ ಕಂಬ, ಈ ಮೂರರಲ್ಲಿ ಗಿಡ್ಡದು. ಅರ್ಧಾ ಅದಕ್ಕಿಂತ ಎತ್ತರ, ಖಾಂಬ್ ಇನ್ನೂ ಎತ್ತರ. ಕಂಬ ಯಾಕೆ ಮೂಕ ಅಂತ ಒಮ್ಮೆ ಕೇಳಿದ್ದೆ. "ತೋ ಬೋಲತ್ ನಾಹೀ ಮ್ಹಣೂನ್" ಅಂದು ನಕ್ಕರು. ಮಾತಾಡುವುದಿಲ್ಲ, ಅದಕ್ಕೇ ಮೂಕ. ನನ್ನ ಕೈಗೆ ಕೂತಿರುವುದು ಈ ಹೆಸರುಗಳೇ.

ಎಮ್ಮೆಯ ನಮೂನೆ ಸಿಗಲಿಲ್ಲ. ಹಸುವಿನದೊಂದು ಇಂಗ್ಲಿಷ್ ನಮೂನೆ ಸಿಕ್ಕಿತು, ಪ್ರಿಂಟ್ ತೆಗೆದುಕೊಂಡೆ. ಹಸುವನ್ನು ಎಮ್ಮೆ ಮಾಡುವುದು ಏನು ಮಹಾ, ಬಣ್ಣ ಬದಲಿಸಿದರಾಯಿತು ಅಂದುಕೊಂಡೆ. ಅದರಲ್ಲಿ ತಲೆಗೆ ಹೀಗಿದೆ: ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದರೆ ಬಿಗಿಯಾಗುವ ದಾರದ ಉಂಗುರ) 6 ಡಬಲ್ ಕ್ರೋಶೆ. ಪ್ರತಿ ಸುತ್ತಿಗೆ 6 ಏರಿಸುತ್ತಾ 12, 18, 24, 30, 36. ಆಮೇಲೆ ಆರು ಸುತ್ತು ಹಾಗೇ. ಆಮೇಲೆ ಇಳಿಸುವುದು. ಡಬಲ್ ಕ್ರೋಶೆ ಅಂದರೆ ಯಾವುದು ಅಂತ ಕಾಕೂಗೆ ಕೇಳಿದೆ. "ಖಾಂಬ್" ಅಂದರು. ಖಾಂಬ್ ಹಾಕಿದೆ.

ಹೆಣೆಯುವುದೆಲ್ಲಾ ಲೋಕಲ್‌ನಲ್ಲಿ. ನನ್ನ ಆಫೀಸು ಫೋರ್ಟ್‌ನಲ್ಲಿ. ಬೆಳಗ್ಗೆ ಹೋಗುವಾಗ ಕಾಲಿಡಲೂ ಜಾಗ ಇರುವುದಿಲ್ಲ. ಸಂಜೆ ಸಿಎಸ್‌ಎಂಟಿಯಲ್ಲೇ, ರೈಲು ಹೊರಡುವ ಕಡೆಯೇ, ಹತ್ತುವುದರಿಂದ ಕೂರಲು ಸಿಗುತ್ತದೆ, ಒಂದು ಗಂಟೆ ನನ್ನದೇ. 22, 23 ಅಂತ ಎಣಿಸುತ್ತಿರುವಾಗಲೇ ಮೇಲಿನಿಂದ "ಪುಢೀಲ್ ಸ್ಟೇಷನ್, ಘಾಟ್ಕೋಪರ್" ಅನ್ನುತ್ತದೆ. ಲೆಕ್ಕ ಹೋಯಿತು. ಎದುರಿಗೆ ಕೂತು ಮೆಂತ್ಯ ಸೊಪ್ಪು ಬಿಡಿಸುವ ಒಬ್ಬರು ಈಗೀಗ ನನ್ನ ಪರವಾಗಿ ಎಣಿಸುತ್ತಾರೆ.

ಈಗ ತೊಂದರೆಗೆ ಬರುತ್ತೇನೆ. ತಲೆ ದುಂಡಗೆ ಬರಲೇ ಇಲ್ಲ. ಚೌಪಾಟಿಯಲ್ಲಿ ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣ ಇರುತ್ತದಲ್ಲ, ಹಾಗೆ ಚೂಪಾಗಿ ಶುರುವಾಗಿ ಅಗಲವಾಗುತ್ತಾ ಹೋಯಿತು. ನಮೂನೆಯಲ್ಲಿ ತಲೆ 7 ಸೆಂಟಿಮೀಟರ್ ಅಂತ ಇದೆ. ನನ್ನದು ಅಳೆದರೆ 15. ಕಡ್ಡಿ ದಪ್ಪ ಆಯಿತೇನೋ ಅಂತ 4 ಮಿಲಿಮೀಟರಿನದು ಬಿಟ್ಟು 3.5 ತಂದೆ. ಪೊಟ್ಟಣ ಸಣ್ಣದಾಯಿತು, ಅಷ್ಟೇ. ದಾರ ಸರಿ ಇಲ್ಲವೇನೋ ಅಂತ ಫಡ್ಕೆ ರಸ್ತೆಗೆ ಹೋಗಿ ಬೇರೆ ಉಲ್ಲನ್ ತಂದೆ. ಅದೇ ಕಥೆ.

ಇನ್ನೊಂದು ಹೇಳಲು ನಾಚಿಕೆ ಆಗುತ್ತದೆ. ಒಳಗೆ ತುಂಬಲು ಅಂತ ಊರಿನಿಂದ ತಂದಿದ್ದ ಹಳೆಯ ದಿಂಬು ಬಿಚ್ಚಿದೆ. ಬೂರುಗದ ಅರಳೆ. ಮೇಲೆ ಫ್ಯಾನ್ ತಿರುಗುತ್ತಿದ್ದದ್ದು ಮರೆತೇಹೋಗಿತ್ತು. ಇರುವುದು ಎರಡು ಕೋಣೆಯ ಮನೆ. ಅರಳೆ ಹೋಗದ ಜಾಗ ಇಲ್ಲ, ಮರುದಿನ ಒಗ್ಗರಣೆಗೆ ತೆಗೆದ ಸಾಸಿವೆ ಡಬ್ಬಿಯಲ್ಲೂ ಸಿಕ್ಕಿತು. ಉಳಿದಷ್ಟನ್ನು ತಲೆಗೆ ತುಂಬಿದೆ. ಈಗ ಕಪ್ಪು ದಾರದ ಸಂದಿಯಿಂದ ಬಿಳಿ ಬಿಳಿ ಇಣುಕುತ್ತದೆ. ನಮ್ಮ ಮನೆಯವರು ಕನ್ನಡಕ ಏರಿಸಿ ನೋಡಿ, "ಎಮ್ಮೆಗೆ ತಲೆಹೊಟ್ಟು ಆಗಿದೆಯಲ್ಲೇ" ಅಂದರು.

ತಲೆ ಯಾಕೆ ಚೂಪಾಗುತ್ತಿದೆ? ಅರಳೆ ಯಾಕೆ ಹೊರಗೆ ಬರುತ್ತಿದೆ? ಕಪ್ಪು ದಾರದಲ್ಲಿ ಸ್ಟಿಚ್ ಕಾಣುವುದೇ ಇಲ್ಲ, ಸಂಜೆ ಹೊತ್ತು ಲೋಕಲ್‌ನ ದೀಪದಲ್ಲಿ ಬೆರಳಿನಿಂದ ತಡಕಬೇಕು, ಅದಕ್ಕೆ ನೀವೆಲ್ಲಾ ಏನು ಮಾಡುತ್ತೀರಿ? ಕೋಡು ಬಾಗಿಸುವುದು ಹೇಗೆ ಅಂತ ಇನ್ನೂ ಯೋಚನೆಯನ್ನೇ ಮಾಡಿಲ್ಲ. ಕೋಡಿಲ್ಲದೆ ಅದು ಎಮ್ಮೆ ಹೇಗಾದೀತು?


ಮುಲುಂಡ್ ಮಂಗಳೂರು
ಭಾನುವಾರ, ರಾತ್ರಿ 11:05

ಅಕ್ಕಾ, ಸುಮ್ನೆ ಒಂದು ಕರಡಿ ಮಾಡಿಬಿಡಿ. ಮಗು ಅದನ್ನೂ ಎಂಬೆ ಅನ್ನುತ್ತಾನೆ, ಕೆಲಸ ಮುಗೀತು.

ತಮಾಷೆಗೆ ಹೇಳಿದೆ. ಕಪ್ಪು ದಾರ ಹಿಡಿದಾಗ ನಾನು ಮಡಿಲಲ್ಲಿ ಬಿಳಿ ಟವೆಲ್ ಹಾಸಿಕೊಳ್ಳುತ್ತೇನೆ. ಕೆಳಗಿನ ಬಿಳಿ ತೂತಿನಲ್ಲಿ ಕಾಣುತ್ತದೆ, ಕಡ್ಡಿ ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತದೆ. ಉಳಿದದ್ದಕ್ಕೆ ಕಡ್ಡಿ ಇನ್ನೂ ಸಣ್ಣದು ತಗೊಳ್ಳಿ, 2.5. ಎಲ್ಲಾ ಸರಿಹೋಗುತ್ತದೆ.


ಕೋಥ್ರೂಡ್ ಕಡ್ಡಿ
ಸೋಮವಾರ, ಬೆಳಗ್ಗೆ 7:15

ಎಲ್ಲಾ ಸರಿಹೋಗುವುದಿಲ್ಲ. ಕಡ್ಡಿಯ ತಪ್ಪೂ ಇಲ್ಲ, ದಾರದ ತಪ್ಪೂ ಇಲ್ಲ. ಅಕ್ಕಾ, ನೀವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೀರಿ. ಜ್ವರ ಇರುವುದು "ಡಬಲ್ ಕ್ರೋಶೆ" ಅನ್ನುವ ಹೆಸರಿನಲ್ಲಿ.

ಇಂಗ್ಲಿಷ್ ನಮೂನೆಗಳಲ್ಲಿ ಎರಡು ಜಾತಿ, ಅಮೆರಿಕದ್ದು ಮತ್ತು ಬ್ರಿಟನ್ನಿನದು. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಅನ್ನುತ್ತಾರೆ. ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಹೆಸರೆಲ್ಲಾ ಒಂದೊಂದು ಮೆಟ್ಟಿಲು ಸರಿದಿವೆ. ನಿಮ್ಮ ಕಾಕೂ ಹೇಳಿದ್ದು ಸುಳ್ಳಲ್ಲ, ಅಮೆರಿಕದ ಲೆಕ್ಕದಲ್ಲಿ ಡಬಲ್ ಅಂದರೆ ಖಾಂಬ್ ಹೌದು. ಆದರೆ ನಿಮ್ಮ ಕೈಯಲ್ಲಿರುವ ಕಾಗದ ಬ್ರಿಟನ್ನಿನದು ಅಂತ ನನ್ನ ಗುಮಾನಿ. ಅಲ್ಲಿ ಡಬಲ್ ಅಂದರೆ ಮುಕಾ ಖಾಂಬ್.

ಮೊದಲು ಇದನ್ನು ನೋಡಿ. ಕಾಗದದಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶೆ ಅಂತ ಬಂದಿದೆಯಾ? ಬಂದಿದ್ದರೆ ಅಮೆರಿಕದ್ದು, ನನ್ನ ಮಾತು ಸುಳ್ಳು. ಬರದಿದ್ದರೆ "ಕಲರ್" ಸ್ಪೆಲಿಂಗ್‌ನಲ್ಲಿ ಯು ಅಕ್ಷರ ಇದೆಯಾ ನೋಡಿ. ಒಂದು ಸ್ಟಿಚ್ ಬಿಟ್ಟು ಮುಂದೆ ಹೋಗಿ ಅನ್ನಲು "ಸ್ಕಿಪ್" ಅಂದಿದ್ದಾರೋ "ಮಿಸ್" ಅಂದಿದ್ದಾರೋ ನೋಡಿ. ಮಿಸ್ ಇದ್ದರೆ ಬ್ರಿಟನ್.

ಪೊಟ್ಟಣ ಯಾಕಾಯಿತು ಅಂದರೆ: ಮುಕಾ ಖಾಂಬ್ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಚಕ್ರ ಚಪ್ಪಟೆ ಕೂರಬೇಕಾದರೆ ಸುತ್ತಳತೆ ಪ್ರತಿ ಸುತ್ತಿಗೂ ಸ್ಟಿಚ್‌ನ ಎತ್ತರದ ಸುಮಾರು 6.28 ಪಟ್ಟು ಬೆಳೆಯಬೇಕು. ಶಾಲೆಯಲ್ಲಿ ಓದಿದ ಎರಡು ಪೈ, ಅಷ್ಟೇ. ಸುತ್ತಿಗೆ 6 ಏರಿಸುವುದು ಅದಕ್ಕೇ. ಖಾಂಬ್ ಅದರ ಎರಡು ಪಟ್ಟು ಎತ್ತರ, ಅದಕ್ಕೆ ಸುತ್ತಿಗೆ 12 ಬೇಕು. ನೀವು ಕಂಬ ಎತ್ತರ ಮಾಡಿದಿರಿ, ಏರಿಕೆ 6ರಲ್ಲೇ ಉಳಿಯಿತು. ಪಕ್ಕಕ್ಕೆ ಹರಡಲು ದಾರಿ ಇಲ್ಲದೆ ಅದು ಎದ್ದು ನಿಂತಿತು. ತೋರಣದ ಚಕ್ರ ಕಲಿಸುವಾಗ ಕಾಕೂ 12 ಖಾಂಬ್‌ನಿಂದ ಶುರು ಮಾಡಿಸಿರಬೇಕು, ಕೇಳಿ ನೋಡಿ.

ಅರಳೆ ಇಣುಕುವುದೂ ಇದೇ ಕಾರಣಕ್ಕೆ. ಎರಡು ಖಾಂಬ್ ನಡುವೆ ಸಂದಿ ಇದ್ದೇ ಇರುತ್ತದೆ. ತೋರಣಕ್ಕೆ ಅದೇ ಅಂದ, ಬೊಂಬೆಗೆ ಅದೇ ರೋಗ. ಈ ಬೊಂಬೆಗಳಿಗೆ ಜಪಾನಿನವರು ಅಮಿಗುರುಮಿ ಅನ್ನುತ್ತಾರೆ. ಅಮಿ ಅಂದರೆ ಹೆಣಿಗೆ, ನುಯಿಗುರುಮಿ ಅಂದರೆ ಒಳಗೆ ತುಂಬಿ ಹೊಲಿದ ಬೊಂಬೆ, ಎರಡನ್ನೂ ಕೂಡಿಸಿದ ಹೆಸರು. ಅದರಲ್ಲಿ ಬಹುಪಾಲು ಕೆಲಸ ಮುಕಾ ಖಾಂಬ್ ಒಂದರಲ್ಲೇ. ಕಡ್ಡಿ ಮಾತ್ರ ದಾರದ ಚೀಟಿ ಹೇಳುವುದಕ್ಕಿಂತ ಸಣ್ಣದು ಬೇಕು. ಚೀಟಿಯಲ್ಲಿ 4 ಇದ್ದರೆ 3 ಅಥವಾ 2.5. ಮುಲುಂಡ್‌ನವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ.

ಇನ್ನೆರಡು ಮಾತು. ಸುತ್ತು ಮುಗಿದಾಗ ಜೋಡಿಸಬೇಡಿ, ಸುರುಳಿಯಾಗಿ ಹೋಗುತ್ತಲೇ ಇರಿ. ಸುತ್ತಿನ ಮೊದಲ ಸ್ಟಿಚ್‌ಗೆ ಒಂದು ಸೇಫ್ಟಿ ಪಿನ್ ಹಾಕಿ. ಆಗ ಘಾಟ್ಕೋಪರ್ ಬಂದರೂ ಆ ಒಂದು ಸುತ್ತು ಎಣಿಸಿದರೆ ಸಾಕು. ಇಳಿಸುವಾಗ ಎರಡು ಸ್ಟಿಚ್‌ನ ಮುಂದಿನ ಎಳೆಗಳಲ್ಲಿ ಮಾತ್ರ ಕಡ್ಡಿ ತೂರಿಸಿ, ದಾರ ಎಳೆದು, ಒಂದು ಮುಕಾ ಖಾಂಬ್ ಹಾಕಿ. ಮಾಮೂಲಿ ರೀತಿಯಲ್ಲಿ ಎರಡನ್ನೂ ಪೂರ್ತಿ ಹಿಡಿದು ಇಳಿಸಿದರೆ ಅಲ್ಲಿ ಒಂದು ಗಂಟು, ಪಕ್ಕದಲ್ಲಿ ಒಂದು ತೂತು ಉಳಿಯುತ್ತದೆ. ಎಮ್ಮೆಯ ಗಲ್ಲದ ಮೇಲೆ ಸಾಲಾಗಿ ಮೊಡವೆ ಬಂದ ಹಾಗೆ ಕಾಣುತ್ತದೆ.


ಡೊಂಬಿವಲಿಯ ಧಾರವಾಡದಾಕೆ
ಸೋಮವಾರ, ರಾತ್ರಿ 9:50

ಮಿಸ್! ಮೂರನೇ ಪುಟದಲ್ಲಿ, ಕಿವಿ ಹೇಳುವ ಕಡೆ. ಕಲರ್‌ಗೂ ಯು ಇದೆ. ಹದಿನೈದು ದಿನದಿಂದ ಅದೇ ಕಾಗದ ನೋಡುತ್ತಿದ್ದೇನೆ, ಎರಡೂ ಕಣ್ಣಿಗೆ ಬಿದ್ದಿರಲಿಲ್ಲ.

ಕಾಗದ ಹಿಡಿದುಕೊಂಡು ಕಾಕೂ ಮನೆಗೆ ಹೋದೆ. ನೀವು ಬರೆದದ್ದನ್ನು ಮರಾಠಿಯಲ್ಲಿ ಹೇಳಿದೆ. ಅವರು ತೋರಣದ ಚಕ್ರ ಬೆಳಕಿಗೆ ಹಿಡಿದು ನಡುವಿನ ಖಾಂಬ್ ಎಣಿಸಿದರು. 12. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಇಂಗ್ರಜಾಂಚಾ ಘೋಳ್ ಆಹೇ ಹಾ" ಅಂದರು. ಇಂಗ್ಲಿಷರ ಗೋಜಲು. ತಪ್ಪು ತಮ್ಮದಲ್ಲ ಅನ್ನುವುದು ಇತ್ಯರ್ಥ ಆದ ಮೇಲೆ ಚಹಾ ಇಟ್ಟರು.

ತಲೆ ಬಿಚ್ಚಿದ್ದೇನೆ. ದಾರ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿ ಆಗಿದೆ. ನಮ್ಮವರ ಎರಡು ಕೈಗೆ ಸುತ್ತಿ ಲಡಿ ಮಾಡಿ, ನೀರು ಚಿಮುಕಿಸಿ ಬಾಲ್ಕನಿಯಲ್ಲಿ ತೂಗುಹಾಕಿದೆ. ಲಡಿ ಮಾಡುವಷ್ಟು ಹೊತ್ತು ಅವರಿಗೆ ರಿಮೋಟ್ ಮುಟ್ಟಲು ಆಗಲಿಲ್ಲ, ನಾನು ನನ್ನ ಸೀರಿಯಲ್ ನೋಡಿದೆ.

ಕೋಡಿಗೆ ಯಾರಾದರೂ ದಾರಿ ತೋರಿಸಿ.


ಹಡಪ್ಸರ್ ಬೈಲಹೊಂಗಲ
ಮಂಗಳವಾರ, ಬೆಳಗ್ಗೆ 6:30

ಅಕ್ಕಾರೆ, ನನಗೆ ಕ್ರೋಶಾ ಬರುವುದಿಲ್ಲ. ಎಮ್ಮೆ ವಿಷಯ ನಡೆದಿದೆ ಅಂತ ಹೆಂಡತಿ ಹೇಳಿದಳು, ಅದಕ್ಕೆ ಬಂದೆ. ಊರಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆ ಇದ್ದವು.

ಕೋಡು ಅಂದರೆ ಎಲ್ಲಾ ಕೋಡೂ ಒಂದೇ ಅಲ್ಲ. ನಿಮಗೆ ಯಾವ ಎಮ್ಮೆ ಬೇಕು ಅಂತ ಮೊದಲು ನಿರ್ಧಾರ ಮಾಡಿ. ತಬೇಲಾಗಳಲ್ಲಿ ಹೆಚ್ಚಾಗಿ ಕಾಣುವ ಮುರ್ರಾ ಹರಿಯಾಣ ಕಡೆಯದು. ಅದರ ಕೋಡು ಗಿಡ್ಡ, ಜಿಲೇಬಿಯ ಹಾಗೆ ಬಿಗಿಯಾಗಿ ಸುತ್ತಿರುತ್ತದೆ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರದ ಕಡೆ ಪಂಢರಪುರಿ ಇದೆ. ಕೋಡು ಕತ್ತಿಯ ಹಾಗೆ ಉದ್ದ, ಹೆಗಲು ದಾಟಿ ಹಿಂದೆ ಹೋಗುತ್ತದೆ. ಕೊಲ್ಹಾಪುರದ ಹಾಲಿನ ಕಟ್ಟೆಯಲ್ಲಿ ಎದುರಿಗೇ ಕರೆದು ನೊರೆಹಾಲು ಕೊಡುತ್ತಾರಲ್ಲ, ಅಲ್ಲಿ ಈ ಎಮ್ಮೆಯನ್ನು ನೋಡಬಹುದು. ನಿಮ್ಮ ಅಣ್ಣನ ಮನೆಯದು ಧಾರವಾಡಿ ಇರಬೇಕು. ಕೋಡು ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿರುತ್ತದೆ, ತೀರಾ ಉದ್ದವೂ ಅಲ್ಲ, ಸುರುಳಿಯೂ ಅಲ್ಲ. ಕರ್ನಾಲ್‌ನಲ್ಲಿ ಜಾನುವಾರು ತಳಿಗಳ ಲೆಕ್ಕ ಇಡುವ ರಾಷ್ಟ್ರೀಯ ಸಂಸ್ಥೆ ಇದೆ, ಅವರು ಧಾರವಾಡಿಯನ್ನು ಬೇರೆ ತಳಿ ಅಂತಲೇ ನೋಂದಾಯಿಸಿದ್ದಾರೆ. ಪೇಡೆಯ ಊರಿನ ಎಮ್ಮೆ, ಅದರ ಕೋಡು ತಪ್ಪಿದರೆ ಹೇಗೆ?

ಹಸುವಿನ ನಮೂನೆ ಅಂದಿರಿ. ಬಣ್ಣ ಬದಲಿಸಿದರೆ ಸಾಲದು. ಕೋಡು ನೆತ್ತಿಯಿಂದ ಮೇಲಕ್ಕೆ ಹಚ್ಚಿದರೆ ಅದು ಕಪ್ಪು ಹಸು. ಎಮ್ಮೆಗೆ ತಲೆಯ ಎರಡು ಪಕ್ಕದಿಂದ ಹೊರಟು ಹಿಂದಕ್ಕೆ ಹೋಗಬೇಕು. ಕಿವಿ ಕೋಡಿನ ಕೆಳಗೆ, ಅಡ್ಡಕ್ಕೆ. ಡುಬ್ಬ ಬೇಡ. ಕೊರಳಲ್ಲಿ ಗಂಗೆದೊಗಲು ಜೋಲುವುದು ಬೇಡ. ಮೂತಿ ಅಗಲ ಇರಲಿ.

ಇನ್ನು ಆ ಕಪ್ಪು ದಾರ. ಎಮ್ಮೆ ಕೆರೆಯಿಂದ ಎದ್ದು ಬಂದಾಗ ಕಪ್ಪು. ಒಣಗಿದ ಮೇಲೆ ಬೂದಿ ಬಣ್ಣ, ಮೈಮೇಲೆ ಮಣ್ಣು. ದಿನದಲ್ಲಿ ಎಷ್ಟು ಹೊತ್ತು ಅದು ಕೆರೆಯಲ್ಲಿ ಇರುತ್ತದೆ, ಎಷ್ಟು ಹೊತ್ತು ಹೊರಗೆ, ನೀವೇ ಲೆಕ್ಕ ಹಾಕಿ.


ವಾಸ್ಕೋ ಅಕ್ಕ
ಮಂಗಳವಾರ, ಮಧ್ಯಾಹ್ನ 2:20

ಮೇಲಿನವರು ಹೇಳಿದ ಬೂದಿ ಬಣ್ಣ ಬಹಳ ಒಳ್ಳೆಯ ಮಾತು. ಮೈಗೆ ಗಾಢ ಬೂದಿ, ಕೋಡು ಗೊರಸಿಗೆ ಮಾತ್ರ ಕಪ್ಪು. ಕಣ್ಣೂ ಉಳಿಯುತ್ತದೆ.

ಕೋಡಿಗೆ ನಾನು ಹೀಗೆ ಮಾಡುತ್ತೇನೆ. ರಿಂಗ್‌ನಲ್ಲಿ 4 ಮುಕಾ ಖಾಂಬ್. ಎರಡನೇ ಸುತ್ತು 6, ಮೂರನೆಯದು 8. ಅಲ್ಲಿಂದ ಮುಂದೆ 8ರಲ್ಲೇ ಇರಿ, ಆದರೆ ಸುತ್ತಿನ ಅರ್ಧಕ್ಕೆ 4 ಮುಕಾ ಖಾಂಬ್, ಉಳಿದರ್ಧಕ್ಕೆ 4 ಅರ್ಧಾ ಖಾಂಬ್. ಒಂದು ಮಗ್ಗುಲು ಗಿಡ್ಡ, ಇನ್ನೊಂದು ಎತ್ತರ. ಕೋಡು ತಾನಾಗಿಯೇ ಗಿಡ್ಡ ಮಗ್ಗುಲಿಗೆ ಬಾಗುತ್ತದೆ. ಬಾಗು ಜಾಸ್ತಿ ಬೇಕಾದರೆ ಗಿಡ್ಡ ಮಗ್ಗುಲಲ್ಲಿ ಮುಕಾ ಬದಲು ಅದಕ್ಕಿಂತಲೂ ಗಿಡ್ಡವಾದ ಸ್ಲಿಪ್ ಸ್ಟಿಚ್ ಹಾಕಬಹುದು. ಆದರೆ ಅದು ಬಿಗಿಯಾದರೆ ಮುಂದಿನ ಸುತ್ತಲ್ಲಿ ಕಡ್ಡಿ ಒಳಗೆ ಹೋಗುವುದಿಲ್ಲ. ಕುಡುಗೋಲಿಗೆ ಮುಕಾ ಸಾಕು. 14 ಸುತ್ತು ಹಾಕಿ ನೋಡಿ.

ಒಂದು ಎಚ್ಚರ. ಸುರುಳಿಯಲ್ಲಿ ಹೆಣೆದಾಗ ಸ್ಟಿಚ್‌ಗಳು ಸುತ್ತು ಸುತ್ತಿಗೂ ಸ್ವಲ್ಪ ಬಲಕ್ಕೆ ವಾಲುತ್ತವೆ. ಪಿನ್ ಜಾಗ ನೋಡಿಕೊಂಡೇ ಹೋದರೆ ಬಾಗು ಮೆಲ್ಲಗೆ ತಿರುಚಿಕೊಳ್ಳುತ್ತದೆ. ನಾಲ್ಕೈದು ಸುತ್ತಿಗೊಮ್ಮೆ ಕೋಡನ್ನು ಎದುರಿಗೆ ಹಿಡಿದು ನೋಡಿ. ಒಳಮಗ್ಗುಲು ಎಲ್ಲಿದೆ ಅಂತ ಕಣ್ಣೇ ಹೇಳುತ್ತದೆ, ಮುಂದಿನ 4 ಮುಕಾ ಅಲ್ಲಿಗೆ ಸರಿಸಿ. ಎಡಕ್ಕೆ ಒಂದು ನಮೂನೆ, ಬಲಕ್ಕೆ ಒಂದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಒಂದೇ ಥರ ಹೆಣೆದು, ಹೊಲಿಯುವಾಗ ಬೇಕಾದ ಕಡೆ ತಿರುಗಿಸಿದರೆ ಆಯಿತು. ಕೋಡಿನೊಳಗೆ ತಂತಿ ಮಾತ್ರ ಬೇಡ. ದೊಡ್ಡವರ ಶೋಕೇಸ್‌ಗೆ ಸರಿ, ಬಾಯಿಗೆ ಹಾಕುವ ಮಗುವಿಗೆ ಅಲ್ಲ. ಕಪ್ಪು ದಾರದ ತುಂಡುಗಳನ್ನೇ ತುಂಬಿ.

ಕಣ್ಣಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಂಗಡಿಯಲ್ಲಿ ಸೇಫ್ಟಿ ಕಣ್ಣು ಅಂತ ಪ್ಲಾಸ್ಟಿಕ್ಕಿನವು ಸಿಗುತ್ತವೆ, ಹಿಂದಿನಿಂದ ಬಿಲ್ಲೆ ಒತ್ತುವುದು. ಹೆಸರು ನಂಬಬೇಡಿ. ಕ್ರೋಶಾ ಬಟ್ಟೆ ಹಿಗ್ಗುತ್ತದೆ. ಎಳೆದೂ ಎಳೆದೂ ಬಿಲ್ಲೆ ಸಮೇತ ಹೊರಗೆ ಬರಬಹುದು. ಮೂರು ವರ್ಷದೊಳಗಿನ ಮಗುವಿಗೆ ದಾರದಲ್ಲೇ ಕಣ್ಣು ಹೊಲಿಯಿರಿ. ಮೊದಲು ಸಣ್ಣ ಬಿಳಿ ಅರ್ಧಚಂದ್ರ, ಅದರ ಮೇಲೆ ಕಪ್ಪು. ಎಮ್ಮೆಯ ಕಣ್ಣಲ್ಲಿ ಸ್ವಲ್ಪ ಬಿಳಿ ಕಾಣಬೇಕು, ಇಲ್ಲದಿದ್ದರೆ ಅದಕ್ಕೆ ಆ ಬೇಜಾರಿನ ಮುಖ ಬರುವುದಿಲ್ಲ.

ಅರಳೆ ಬಿಡಿ. ಒಗೆದರೆ ಗಂಟು ಕಟ್ಟುತ್ತದೆ, ನಮ್ಮ ಈ ಕರಾವಳಿಯ ಮಳೆಗಾಲದಲ್ಲಿ ವಾರವಾದರೂ ಒಳಗೆ ತೇವ ಇರುತ್ತದೆ. ದಿಂಬಿಗೆ ಹಾಕುವ ರೆಕ್ರಾನ್ ತಗೊಳ್ಳಿ. ಗಾಢ ಬಣ್ಣದ ಬೊಂಬೆಯಾದರೆ ಹಳೆಯ ಕಪ್ಪು ಕಾಲುಚೀಲದೊಳಗೆ ರೆಕ್ರಾನ್ ತುಂಬಿ ಅದನ್ನು ಒಳಗಿಡಿ, ತಲೆಹೊಟ್ಟಿನ ಕಾಟ ಇಲ್ಲ. ಇನ್ನೊಂದು, ಅಷ್ಟು ಸಣ್ಣ ಮಗುವಿಗೆ ಅಕ್ರಿಲಿಕ್ ಉಲ್ಲನ್ನಿಗಿಂತ ಹತ್ತಿ ದಾರ ಮೇಲು. ಚೀಪಿದಾಗ ಅಕ್ರಿಲಿಕ್‌ನ ರೋಮ ಬಾಯಿಗೆ ಬರುತ್ತದೆ.

ನಿಮ್ಮ ಎಮ್ಮೆ ನೋಡಿ ಯಾರಾದರೂ "ಮಾರಲು ಮಾಡಿಕೊಡಿ" ಅನ್ನುವುದು ಖಂಡಿತ. ಹೂಂ ಅನ್ನುವ ಮುಂಚೆ ವಿಚಾರಿಸಿ. 2021ರ ಜನವರಿ 1ರಿಂದ ಮಾರುವ ಆಟಿಕೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ, ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಮೊಮ್ಮಗನಿಗೆ ಕೊಡಲು ಯಾವ ಗುರುತೂ ಬೇಡ.


ಕೋಥ್ರೂಡ್ ಕಡ್ಡಿ
ಮಂಗಳವಾರ, ರಾತ್ರಿ 8:40

ವಾಸ್ಕೋ ಅಕ್ಕನ ಎಲ್ಲಾ ಮಾತಿಗೂ ಹೂಂ, ಹತ್ತಿ ದಾರದ ಮಾತಿಗೆ ಮಾತ್ರ ಅರ್ಧ ಹೂಂ. ಗಾಢ ಬಣ್ಣದ ಹತ್ತಿ ದಾರ ಎಷ್ಟೋ ಸಲ ಬಣ್ಣ ಬಿಡುತ್ತದೆ. ಒಂದು ಗೇಣು ದಾರ ಒದ್ದೆ ಮಾಡಿ ಬಿಳಿ ಕರವಸ್ತ್ರದಲ್ಲಿ ಒತ್ತಿ ಹಿಡಿಯಿರಿ. ಕಲೆ ಬಿದ್ದರೆ ಆ ದಾರ ಬೇಡ, ಅದೇ ಬಣ್ಣ ಮಗುವಿನ ನಾಲಿಗೆಗೂ ಬರುತ್ತದೆ. ಪುಣೆಗೆ ಬಂದಾಗ ತುಳಶಿಬಾಗ್ ಇಲ್ಲಾ ರವಿವಾರ ಪೇಠ್‌ನಲ್ಲಿ ಹುಡುಕಿ. ಸಂಜೆ ಹೋಗಬೇಡಿ, ಅಂಗಡಿಯ ದೀಪದಲ್ಲಿ ಬೂದಿ, ಕಾಫಿ, ಕಪ್ಪು ಎಲ್ಲಾ ಒಂದೇ.


ಡೊಂಬಿವಲಿಯ ಧಾರವಾಡದಾಕೆ
ಮೂರು ವಾರದ ನಂತರ, ಭಾನುವಾರ, ರಾತ್ರಿ 9:15

ಎಮ್ಮೆ ಮುಗಿಯಿತು. ನಿನ್ನೆ ಕಲ್ಯಾಣದಿಂದ ರೈಲು ಹಿಡಿದು ಪುಣೆಗೆ ಒಯ್ದು ಕೊಟ್ಟೂ ಬಂದೆ.

ತಲೆ 6.5 ಸೆಂಟಿಮೀಟರ್. ದುಂಡಗಿದೆ. 3 ಮಿಲಿಮೀಟರ್ ಕಡ್ಡಿ, ಬೂದಿ ಬಣ್ಣದ ಹತ್ತಿ ದಾರ. ಮೊದಲು ತಂದ ದಾರ ಕರವಸ್ತ್ರದ ಪರೀಕ್ಷೆಯಲ್ಲಿ ಫೇಲ್, ಎರಡನೆಯದು ಪಾಸ್. ಮುಕಾ ಖಾಂಬ್ ನಿಜಕ್ಕೂ ಒಂದಕ್ಕೊಂದು ಅಂಟಿಕೊಂಡು ಕೂರುತ್ತದೆ, ಬೆರಳಲ್ಲಿ ಒತ್ತಿದರೂ ಸಂದಿ ಬಿಡುವುದಿಲ್ಲ. ಆದರೆ ಕೈ ನೋಯುತ್ತದೆ. ತೋರಣದ ಕೆಲಸ ಗಾಳಿಯಲ್ಲಿ ಕೈ ಆಡಿಸಿದ ಹಾಗೆ ಇರುತ್ತದೆ. ಇದು ಹಿಟ್ಟು ನಾದಿದ ಹಾಗೆ. ಮೊದಲ ವಾರ ಹೆಬ್ಬೆರಳಿನ ಬುಡಕ್ಕೆ ರಾತ್ರಿ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಕೋಡು ನಾಲ್ಕು ಸಲ ಬಿಚ್ಚಿದೆ. ವಾಸ್ಕೋ ಅಕ್ಕ ಹೇಳಿದ ವಾಲುವಿಕೆ ಮೊದಲ ಸಲ ಗೊತ್ತಾಗಲಿಲ್ಲ, ಕೋಡು ತಿರುಚಿಕೊಂಡು ಅರ್ಧ ಮುರ್ರಾ ಆಗಿಬಿಟ್ಟಿತು. ಅದರ ಫೋಟೋವನ್ನು ಅಣ್ಣನಿಗೆ ಕಳಿಸಿದೆ. "ಇದು ನಮ್ಮ ಎಮ್ಮೆ ಅಲ್ಲ, ಯಾರದೋ ಹೊಲಕ್ಕೆ ಬಿದ್ದು ಪೆಟ್ಟು ತಿಂದು ಬಂದದ್ದು" ಅಂತ ಉತ್ತರ ಬಂತು. ಆಮೇಲೆ ಅವನೇ ಕೊಟ್ಟಿಗೆಗೆ ಹೋಗಿ ಪಕ್ಕದಿಂದ, ಹಿಂದಿನಿಂದ, ಮೇಲಿನಿಂದ ಮೂರು ಫೋಟೋ ತೆಗೆದು ಕಳಿಸಿದ. ಮೇಲಿನಿಂದ ತೆಗೆದದ್ದು ಅಟ್ಟ ಹತ್ತಿಯಂತೆ. ಅವನ ವಯಸ್ಸು ಅರವತ್ತೊಂದು. ಆ ಫೋಟೋ ನೋಡಿದ ಮೇಲೇ ಹಡಪ್ಸರ್‌ನವರು ಹೇಳಿದ್ದು ಸರಿಯಾಗಿ ತಿಳಿಯಿತು. ಎರಡು ಕೋಡೂ ಸೇರಿ ಅರ್ಧ ಬಳೆಯ ಆಕಾರ ಆಗುತ್ತದೆ.

ಬಲಗೋಡು ಎಡಕ್ಕಿಂತ ಒಂದು ಸುತ್ತು ಗಿಡ್ಡ ಇದೆ. ಅದು ಘಾಟ್ಕೋಪರ್‌ನ ಕೆಲಸ. ಮೆಂತ್ಯ ಸೊಪ್ಪಿನವರು ಅವತ್ತು ಬಂದಿರಲಿಲ್ಲ. ಇರಲಿ ಅಂತ ಬಿಟ್ಟೆ, ಅಣ್ಣನ ಎಮ್ಮೆಯದೂ ಒಂದು ಗಿಡ್ಡವೇ.

ಮಗು ಮೊದಲು ಹತ್ತಿರ ಬರಲಿಲ್ಲ. ಎಮ್ಮೆಯನ್ನು ನೆಲದ ಮೇಲೆ ನಿಲ್ಲಿಸಿ ನಾನು ಅಡುಗೆಮನೆಗೆ ಹೋದೆ. ತಿರುಗಿ ಬಂದಾಗ ಅದರ ಮುಂದೆ ಕೂತು, ತನ್ನ ಅಂಗೈಯನ್ನು ಅದರ ಮೂತಿಗೆ ಹಿಡಿದುಕೊಂಡಿದ್ದ. ನೆಕ್ಕಲಿ ಅಂತ ಕಾಯುತ್ತಿದ್ದ. ಸುಮಾರು ಹೊತ್ತು ಕಾದ. ಆಮೇಲೆ ತಾನೇ ಅದರ ಮೂತಿ ನೆಕ್ಕಿದ. ಹತ್ತಿ ದಾರ ತಂದದ್ದಕ್ಕೆ ಸಾರ್ಥಕ ಆಯಿತು ಅಂದುಕೊಂಡೆ.

ಸಂಜೆ ಹೊತ್ತಿಗೆ ಅದನ್ನು ಉದ್ದಗೋಡಿನಿಂದ ಹಿಡಿದು ಮನೆ ತುಂಬಾ ಎಳೆದಾಡುತ್ತಿದ್ದ. ಹೊಲಿಗೆ ತಡೆಯಿತು. ಕೋಡಿನ ಬುಡಕ್ಕೆ ಮೂರು ಸುತ್ತು ಹೊಲಿದಿದ್ದೆ.

ಕಾಕೂ ಈಗ ಬೇರೆ ಶುರು ಮಾಡಿದ್ದಾರೆ. ಎಮ್ಮೆಗೆ ಕರು ಇಲ್ಲದಿದ್ದರೆ ಹಾಲು ಹೇಗೆ ಅಂತ ಕೇಳುತ್ತಾರೆ. ಕರುವನ್ನು ತಾವೇ ಹೆಣೆಯುತ್ತಾರಂತೆ, ಲೆಕ್ಕ ಮಾತ್ರ ನಾನು ಮರಾಠಿಯಲ್ಲಿ ಬರೆದುಕೊಡಬೇಕಂತೆ, ಇಂಗ್ಲಿಷ್ ಕಾಗದ ಮನೆಯೊಳಗೆ ತರುವಂತಿಲ್ಲ. ಕರುವಿನ ತಲೆಗೆ 36ರ ಬದಲು 24ಕ್ಕೆ ನಿಲ್ಲಿಸಿದರೆ ಸಾಕಾ?


ಕೋಥ್ರೂಡ್ ಕಡ್ಡಿ
ಭಾನುವಾರ, ರಾತ್ರಿ 9:40

24 ಸಾಕು. ನಡುವಿನ ಏರಿಕೆ ಇಲ್ಲದ ಸುತ್ತು ಆರರ ಬದಲು ನಾಲ್ಕು ಹಾಕಿ. ಕಾಗದದ ಮೇಲೆ ದೊಡ್ಡದಾಗಿ ಮುಕಾ ಅಂತ ಬರೆದುಕೊಡಿ.


ಹಡಪ್ಸರ್ ಬೈಲಹೊಂಗಲ
ಸೋಮವಾರ, ಬೆಳಗ್ಗೆ 6:10

ಕರುವಿಗೆ ಕೋಡು ಹಚ್ಚಿಬಿಟ್ಟಾರು, ಕಾಕೂಗೆ ಹೇಳಿ. ಕಿವಿ ದೊಡ್ಡದಿರಲಿ.